ಸಾಂದರ್ಭಿಕ ಚಿತ್ರ

ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದ ಮರುದಿನ ಊರಿನ ಕಸದ ಡಬ್ಬಿಗಳನ್ನೆಲ್ಲ ಎತ್ತಿಸಿಬಿಟ್ಟಿದ್ದರು. ಜನ ಬಾಳೆಹಣ್ಣಿನ ಸಿಪ್ಪೆ ಕೈಯಲ್ಲಿ ಹಿಡಿದು, ಎಲ್ಲಿ ಎಸೆಯುವುದೆಂದು ತಿಳಿಯದೆ, ಅತ್ತಿತ್ತ ನೋಡುತ್ತ ನಡೆಯುತ್ತಿದ್ದರು. ಹಾಗೆ ಅತ್ತಿತ್ತ ನೋಡಿದವರನ್ನು ಉಳಿದವರು ನಿಂತು ನೋಡುತ್ತಿದ್ದರು. ಹಾವು ಕಡಿದವನಿಗೆ ಹಗ್ಗ ಕಂಡರೂ ಭಯ ಅನ್ನುತ್ತಾರೆ. ಅವತ್ತು ಇಡೀ ಊರಿಗೆ ಹಾವು ಕಡಿದಿತ್ತು.

ಅಕ್ಕ ಸುದ್ದಿವಾಹಿನಿಯೊಂದರಲ್ಲಿ ವಿಡಿಯೊ ಎಡಿಟರ್. ಹಿಂದಿನ ಸಂಜೆಯಿಂದ ಅವಳು ಪರದೆಯ ಮುಂದೆಯೇ ಕೂತಿದ್ದಳು. ಹೊಗೆ, ಚೆಲ್ಲಾಪಿಲ್ಲಿಯಾದ ಚಪ್ಪಲಿಗಳು, ಟಿಕೆಟ್ ಚೀಲವನ್ನು ಎದೆಗೆ ಅವಚಿಕೊಂಡು ಯಾರನ್ನೂ ನೋಡದೆ ಕೂತಿದ್ದ ಒಬ್ಬ ಕಂಡಕ್ಟರ್. ಟೀವಿಯಲ್ಲಿ ತೋರಿಸಬಾರದ್ದನ್ನು ಕತ್ತರಿಸಿ ತೆಗೆಯುವುದು ಅವಳ ಕೆಲಸ. ಕತ್ತರಿಸಬೇಕಾದರೆ ಮೊದಲು ನೋಡಬೇಕು. ಊರಿನವರ ಕಣ್ಣಿಗೆ ಬೀಳದಂತೆ ತೆಗೆದದ್ದೆಲ್ಲ ಅವಳ ಕಣ್ಣಲ್ಲೇ ಉಳಿದಿತ್ತು.

ಬಾಂಬ್ ಇಟ್ಟವನ ಚಿತ್ರ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಸುದ್ದಿ ಮುಖ್ಯಸ್ಥನಿಗೆ ಇದು ನುಂಗಲಾರದ ತುತ್ತಾಗಿತ್ತು. ಎಲ್ಲದಕ್ಕೂ ಅವಸರಪಡಿಸುವ ಆ ಮನುಷ್ಯನಿಗೆ ಕಚೇರಿಯವರು ‘ತುರ್ತು ಸಾರ್’ ಎಂದು ಹೆಸರಿಟ್ಟಿದ್ದರು.

“ಯಾರಾದ್ರೂ ಒಬ್ರು ಬೆನ್ನು ಹಾಕಿ ನಡ್ಕೊಂಡು ಹೋಗೋದನ್ನ ತೆಗೀರಿ ಮೇಡಂ. ಹೆಗಲಿಗೆ ಬ್ಯಾಗ್ ಇರ್ಲಿ,” ಅಂದ ತುರ್ತು ಸಾರ್. “ಜನರ ಕಣ್ಣಿಗೆ ಏನಾದ್ರೂ ಕೊಡ್ಬೇಕಲ್ಲ. ಬರೀ ಹೊಗೆ ಎಷ್ಟು ಹೊತ್ತು ತೋರ್ಸೋದು?”

“ಯಾರನ್ನ ನಡೆಸ್ಲಿ ಸಾರ್?”

“ನಾನೇ ನಡೀತಿದ್ದೆ. ಹೊಟ್ಟೆ ಅಡ್ಡ ಬರುತ್ತೆ. ಅಂಥವರಿಗೆಲ್ಲ ಹೊಟ್ಟೆ ಇರಲ್ಲ.”

ಅಷ್ಟರಲ್ಲಿ ಕಾರಿಡಾರಿನ ಕೊನೆಯ ಲಿಫ್ಟಿನಿಂದ ತಮ್ಮ ಹೊರಬಂದ. ಅವನು ಲಿಫ್ಟ್ ರಿಪೇರಿಯವನು. ಅಕ್ಕನ ಕಚೇರಿಯ ಲಿಫ್ಟನ್ನು ನೋಡಿಕೊಳ್ಳುವುದೂ ಅವನದೇ ಪಾಲಿಗೆ ಬಂದಿತ್ತು. ಬೂದು ಅಂಗಿ, ಕಪ್ಪು ಟೋಪಿ, ಸ್ಪ್ಯಾನರು ಗ್ರೀಸು ವೈರು ತುಂಬಿದ ಕಪ್ಪು ಬ್ಯಾಗು. ಲಿಫ್ಟಿನ ಬಾಗಿಲನ್ನು ಎಮ್ಮೆಯ ಬೆನ್ನು ತಟ್ಟುವ ಹಾಗೆ ತಟ್ಟಿ, “ಅಕ್ಕ, ಇನ್ನು ಸ್ವಲ್ಪ ದಿನ ಇದು ಕೆಮ್ಮಲ್ಲ,” ಅಂದ.

“ಇಲ್ಲೇ ಸ್ವಲ್ಪ ನಡೀತೀಯೇನೋ? ಒಂದು ಶಾಟ್ ಬೇಕು.”

“ನಡೆಯೋಕೂ ಸಂಬಳ ಕೊಡ್ತಾರಾ ಇಲ್ಲಿ?” ಅನ್ನುತ್ತ ಅವನು ಸಂತೆಗೆ ಹೊರಟವನ ಹಾಗೆ ಕೈಬೀಸಿಕೊಂಡು ನಡೆದ. ಅದನ್ನು ನೋಡಿದರೆ ಒಂದು ಕೋಳಿಯೂ ಹೆದರುತ್ತಿರಲಿಲ್ಲ. ಅಕ್ಕ ತಿದ್ದಿದಳು: “ತಲೆ ತಗ್ಗಿಸು. ನಿಧಾನ. ಕೊನೇಲಿ ಒಂದ್ಸಲ ತಿರುಗಿ ನೋಡು. ಸಿನಿಮಾದಲ್ಲಿ ಬಾಂಬ್ ಇಟ್ಟವನು ನೋಡ್ತಾನಲ್ಲ, ಹಾಗೆ.”

ತಮ್ಮ ನಗು ತಡೆದುಕೊಂಡು, ಕಣ್ಣು ಕಿರಿದು ಮಾಡಿ ತಿರುಗಿ ನೋಡಿದ. ತಡೆದ ನಗು ಅವನ ದವಡೆಯಲ್ಲಿ ಬಿಗಿಯಾಗಿ ನಿಂತಿತ್ತು. ಅವಳು ಆ ನೋಟವನ್ನು ನಿಧಾನಗೊಳಿಸಿದಳು, ಬಣ್ಣ ಕಪ್ಪಾಗಿಸಿದಳು, ಕೆಳಗೆ ಗುಡುಗಿನಂಥ ಒಂದು ಸದ್ದು ಹಾಸಿದಳು. ನಿಜವಾಗಿ ಬಾಂಬ್ ಇಡುವವನು ಹಿಂದೆ ತಿರುಗುತ್ತಾನೋ ಇಲ್ಲವೋ ಅವಳಿಗೇನು ಗೊತ್ತು? ಆದರೆ ತಿರುಗದಿದ್ದರೆ ಯಾರೂ ನಂಬುವುದಿಲ್ಲ ಎಂಬುದು ಗೊತ್ತಿತ್ತು.

ನಿಯಮದ ಪ್ರಕಾರ ಪರದೆಯ ಮೇಲ್ಮೂಲೆಯಲ್ಲಿ ‘ಸಾಂದರ್ಭಿಕ ಚಿತ್ರ’ ಎಂದು ಬರೆದಳು. ಎಲ್ಲರಿಗೂ ಕಾಣುವಷ್ಟು ದಪ್ಪ ಅಕ್ಷರ. ಇದು ಅಸಲಿಯಲ್ಲ, ಸಂದರ್ಭಕ್ಕೆ ಹೊಂದುವಂತೆ ತೆಗೆದದ್ದು ಎಂದು ಅದರ ಅರ್ಥ. ಅಷ್ಟು ಬರೆದ ಮೇಲೆ ಅವಳ ಮನಸ್ಸು ಹಗುರಾಯಿತು. ತಮ್ಮ ಬೇರೊಂದು ಕಟ್ಟಡದ ಕೆಲಸಕ್ಕೆ ಹೊರಟುಹೋದ.

ಮಧ್ಯಾಹ್ನ ಅಮ್ಮನ ಫೋನ್ ಬಂತು.

“ಚಿಲಕ ಹಾಕ್ಕೊಂಡು ಕೂತಿದೀನಿ ಕಣೇ. ಅವನನ್ನ ತೋರಿಸ್ತಿದಾರೆ, ನೋಡಿದ್ಯಾ?”

“ಯಾರನ್ನಮ್ಮ?”

“ಬಾಂಬ್ ಇಟ್ಟವನನ್ನ. ನಿಮ್ಮ ಚಾನೆಲ್ಲಲ್ಲೇ ಬಂತಲ್ಲ. ಅಬ್ಬ, ಆ ಕಣ್ಣೋ. ಹುಟ್ಟು ಕೊಲೆಗಡುಕ ಅಂತ ಹಣೇಲೇ ಬರ್ದಿದೆ. ಎಂಥ ತಾಯಿ ಹೆತ್ತಳೋ ಏನೋ.”



“ನಿನ್ನ ಚಿಕ್ಕಮ್ಮನಿಗೆ, ಪಕ್ಕದ ಮನೆಯವರಿಗೆ, ಎಲ್ಲರಿಗೂ ಕಳ್ಸಿದೀನಿ, ಹುಷಾರಾಗಿರಿ ಅಂತ. ನಿನ್ನ ತಮ್ಮನಿಗೂ ಕಳ್ಸಿದೆ, ನೋಡೇ ಇಲ್ಲ ಮಹರಾಯ. ಕಂಡಕಂಡ ಕಟ್ಟಡ ಹತ್ತಿ ಇಳಿಯೋನು. ಜೋಪಾನ ಅಂತ ನೀನಾದ್ರೂ ಹೇಳು.”

“ಹೇಳ್ತೀನಮ್ಮ,” ಎಂದಷ್ಟೇ ಅಂದು ಅಕ್ಕ ಫೋನ್ ಇಟ್ಟಳು. ಹೆತ್ತವಳ ಕಣ್ಣಿಗೇ ಮಗ ಕಾಣದೆ ಕೊಲೆಗಡುಕ ಕಂಡಿದ್ದ. ಕಂಡರಿಯದವರ ಕಣ್ಣಿಗೆ ಇನ್ನೇನು ಕಂಡೀತು? ಅದೇ ಬೂದು ಅಂಗಿ, ಅದೇ ಬ್ಯಾಗು ಹೊತ್ತು ಅವನು ಊರ ತುಂಬ ತಿರುಗುತ್ತಿದ್ದಾನೆ.

ಅವಳು ಓಡಿಹೋಗಿ ತುರ್ತು ಸಾರ್ ಮುಂದೆ ನಿಂತಳು. “ಸಾರ್, ಆ ಶಾಟ್ ತೆಗೆದುಬಿಡಿ. ಜನ ಅದನ್ನ ನಿಜ ಅಂದ್ಕೊಂಡಿದಾರೆ.”

“ಮೂಲೇಲಿ ಬರ್ದಿದೀವಲ್ಲ ಮೇಡಂ.”

“ಅವನು ನನ್ನ ತಮ್ಮ ಸಾರ್.”

“ಒಳ್ಳೆ ಹುಡುಗ. ಎಲ್ಲಾ ಚಾನೆಲ್ಲವರೂ ನಮ್ಮಿಂದ್ಲೇ ಎತ್ತಿ ಹಾಕ್ತಿದಾರೆ, ಈಗ ನಾವೊಬ್ರು ತೆಗೆದ್ರೆ ಏನು ಬಂತು?” ಅಂದು ಅವನು ಇನ್ನೊಂದು ಫೋನ್ ಎತ್ತಿಕೊಂಡ.

ಅವಳ ಕೈಯಲ್ಲಿದ್ದ ಫೋನ್ ನಡುಗಿತು. ತಮ್ಮ. ಪಿಸುಮಾತಿಗಿಂತ ಸಣ್ಣ ದನಿ.

“ಅಕ್ಕ, ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದೀನಿ. ಕೆಟ್ಟಿಲ್ಲ ಇದು. ಯಾರೋ ಬೇಕಂತ ಕೆಳಗೆ ಕರೆಂಟ್ ತೆಗೆದಿದಾರೆ. ಹೊರಗೆ ಜನ ಇದಾರೆ. ನನ್ನ ಬಗ್ಗೆನೇ ಮಾತಾಡ್ತಿದಾರೆ.”

“ಎಲ್ಲಿದೀಯ?”

ಅವನು ಹೇಳಿದ. ಆಮೇಲೆ, “ಬೇಗ ಬಾ,” ಅಂದ. ಚಿಕ್ಕವನಿದ್ದಾಗಲೂ ಅವನು ಹಾಗೆ ಅಂದವನಲ್ಲ.

ಅವಳು ಟ್ಯಾಕ್ಸಿ ಹಿಡಿದು ಹೊರಟಳು. ಆ ಕಟ್ಟಡ ದೂರದಲ್ಲಿರಲಿಲ್ಲ. ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಅವಚಿಕೊಂಡು ಎದುರಿನ ಪಾದಚಾರಿ ದಾರಿಯಲ್ಲಿ ನಿಂತಿದ್ದರು. ಒಳಗೆ ಮೆಟ್ಟಿಲ ತುಂಬ ಗಂಡಸರು. ಒಬ್ಬನ ಕೈಯಲ್ಲಿ ಕಬ್ಬಿಣದ ಸಲಾಕೆ. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತ್ತು. ಒಳಗಿನಿಂದ ಬಾಗಿಲು ತಟ್ಟಿದ ಸದ್ದು ಬಂದರೆ, “ಏನೋ ಜೋಡಿಸ್ತಿದಾನೆ,” ಅನ್ನುತ್ತಿದ್ದರು. ಸದ್ದು ನಿಂತರೆ, “ಜೋಡಿಸಿ ಆಯ್ತು,” ಅನ್ನುತ್ತಿದ್ದರು.

“ಪೊಲೀಸರು ಬರ್ಲಿಲ್ವ?” ಅಂದಳು ಅಕ್ಕ.

“ಫೋನ್ ಮಾಡಿದೀವಿ. ಎಲ್ರೂ ಬಸ್ ನಿಲ್ದಾಣದಲ್ಲಿದಾರಂತೆ,” ಅಂದ ಸಲಾಕೆಯವನು. “ಅವರು ಬರೋವರೆಗೆ ಕಾಯೋಕಾಗುತ್ತಾ? ಬಾಗಿಲು ಮೀಟಿ ಎಳೀತೀವಿ.”

“ಟೀವಿಯಲ್ಲಿ ತೋರಿಸಿದ್ದು ಬಾಂಬ್ ಇಟ್ಟವನನ್ನಲ್ಲ. ಅದರ ಮೇಲೇ ಬರೆದಿದೆಯಲ್ಲ, ಸಾಂದರ್ಭಿಕ ಚಿತ್ರ ಅಂತ.”

ಮೆಟ್ಟಿಲ ಮೇಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಸರಿಮಾಡಿಕೊಂಡು ಮಗುವಿಗೆ ಹೇಳುವ ಹಾಗೆ ಹೇಳಿದರು: “ಅದನ್ನೇ ನಾವೂ ಹೇಳ್ತಿರೋದು ತಾಯಿ. ಸಾಂದರ್ಭಿಕ ಅಂದ್ರೇನು? ಆ ಸಂದರ್ಭದಲ್ಲಿ ತೆಗೆದದ್ದು. ಸುಮ್ನೆ ಹಾಕ್ತಾರಾ? ಖಾತ್ರಿ ಇದ್ದಿದ್ದಕ್ಕೇ ಅಷ್ಟು ದಪ್ಪಕ್ಷರದಲ್ಲಿ ಹಾಕಿದಾರೆ.”

“ಹೌದ್ಹೌದು,” ಅಂದರು ನಾಲ್ಕಾರು ಜನ.

 ಅದು ಅಕ್ಕ ದಿನಕ್ಕೆ ಎಷ್ಟೋ ಸಲ ಬರೆಯುತ್ತಿದ್ದ ಮಾತು. ಅದನ್ನು ಜನ ಹೀಗೂ ಓದುತ್ತಾರೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅವನು ನನ್ನ ತಮ್ಮ ಎಂದು ಹೇಳಿಬಿಡಲು ಬಾಯಿ ತೆರೆದಳು. ಅಷ್ಟರಲ್ಲಿ ಕಟ್ಟಡದ ವಾಚ್‌ಮನ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಪಕ್ಕದವನಿಗೆ ಅಂದ:

“ಸಿನಿಮಾದಲ್ಲಿ ನೋಡಿಲ್ವೇನ್ರೀ? ಒಬ್ಬ ಸಿಕ್ಕಿಬಿದ್ರೆ ಬಿಡಿಸ್ಕೊಂಡು ಹೋಗೋಕೆ ಒಬ್ಬಳು ಬಂದೇ ಬರ್ತಾಳೆ. ಅಕ್ಕ ಅಂತಾಳೆ, ಹೆಂಡ್ತಿ ಅಂತಾಳೆ. ಎಲ್ಲ ಒಂದೇ ಗ್ಯಾಂಗು.”

ಇನ್ನು ತಮ್ಮ ಅಂದರೆ ಅವಳೂ ಅದೇ ಗ್ಯಾಂಗು. ಸಲಾಕೆಯವನು ಲಿಫ್ಟಿನ ಬಾಗಿಲ ಸಂದಿಗೆ ಸಲಾಕೆಯ ಮೊನೆ ತೂರಿಸಿದ. ಒಳಗಿನಿಂದ ಸದ್ದೇ ಇಲ್ಲ. ತಮ್ಮ ಉಸಿರು ಬಿಗಿಹಿಡಿದು ಮೂಲೆಗೆ ಅಂಟಿಕೊಂಡಿದ್ದಾನೆ ಎಂದು ಅವಳಿಗೆ ನೋಡಿದಷ್ಟೇ ಸ್ಪಷ್ಟವಾಗಿ ಗೊತ್ತಾಯಿತು.

ಕೊರಳಲ್ಲಿದ್ದ ವಾಹಿನಿಯ ಗುರುತಿನ ಚೀಟಿಯನ್ನು ಅವಳು ಎತ್ತಿ ಹಿಡಿದಳು.

“ನಾನು ಸುದ್ದಿವಾಹಿನಿಯವಳು. ಈಗಷ್ಟೇ ಬಂದ ಸುದ್ದಿ ಇದೆ.”

 ಸಲಾಕೆ ನಿಂತಿತು. ಒಂದೊಂದಾಗಿ ಫೋನುಗಳು ಅವಳ ಮುಖದತ್ತ ಎದ್ದವು.

“ಇವನಲ್ಲ. ನಿಜವಾದವನ ಗುರುತು ಸಿಕ್ಕಿದೆ.” ತಮ್ಮನಲ್ಲಿ ಇಲ್ಲದ್ದನ್ನೆಲ್ಲ ಅವಳ ನಾಲಿಗೆ ತಾನಾಗಿ ಹುಡುಕಿಕೊಂಡಿತು. “ವಯಸ್ಸಾದವನು. ಕೆಂಪು ಅಂಗಿ. ಕೈಯಲ್ಲಿ ಬಟ್ಟೆ ಚೀಲ. ಇದೇ ಕಡೆ ಎಲ್ಲೋ ಓಡಾಡ್ತಿದಾನಂತೆ.”

ನಂಬಲು ಅವರಿಗೆ ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಸತ್ಯ ಹೇಳಿದಾಗ ತಿರುಗಿ ಪ್ರಶ್ನೆ ಕೇಳಿದವರೆಲ್ಲ ಈಗ ದಾರಿ ಬಿಟ್ಟರು. ವಾಚ್‌ಮನ್ ಓಡಿಹೋಗಿ ಕರೆಂಟ್ ಹಾಕಿದ. “ನಾನು ಆಗ್ಲೇ ಅಂದೆ,” ಅಂದರು ಮೇಷ್ಟ್ರು, “ಈ ಹುಡುಗನ ಮುಖದಲ್ಲಿ ಅಂಥದ್ದೇನೂ ಇಲ್ಲ.” ಲಿಫ್ಟ್ ಇನ್ನೂ ಕೆಳಗೆ ಬಂದೇ ಇರಲಿಲ್ಲ.

ತಮ್ಮ ಹೊರಬಂದಾಗ ಬೆವರಿನಲ್ಲಿ ಅಂಗಿ ಮೈಗೆ ಮೆತ್ತಿಕೊಂಡಿತ್ತು. ಅವಳು ಅವನನ್ನು ಮುಟ್ಟಲೂ ಇಲ್ಲ, ಮಾತಾಡಿಸಲೂ ಇಲ್ಲ. ಗುರುತಿಲ್ಲದವಳ ಹಾಗೆ ಮುಂದೆ ನಡೆದಳು. ಅವನು ಹಿಂದೆ ಬಂದು, ಟ್ಯಾಕ್ಸಿಯಲ್ಲಿ ಪಕ್ಕ ಕೂತ ಮೇಲೆಯೇ ಅವನ ಮೊಣಕೈ ಹಿಡಿದುಕೊಂಡಳು. ಟೋಪಿ ಕಿತ್ತು ಬ್ಯಾಗಿಗೆ ತುರುಕಿದಳು.

ಟ್ಯಾಕ್ಸಿ ಹೊರಟ ಮೇಲೆ ಅವನು ಕೇಳಿದ, “ಯಾರಕ್ಕ ಅವನು, ಕೆಂಪು ಅಂಗಿಯವನು?”

“ಯಾರೂ ಇಲ್ಲ.”

“ಯಾರೂ ಇಲ್ಲ ಅಂದ್ರೆ?”

“ನಾನೇ ಹೇಳಿದ್ದು. ಬಾಯಿಗೆ ಬಂದದ್ದು.”

ಅವನು ಕಿಟಕಿಯ ಆಚೆ ನೋಡಿದ. “ಕೆಂಪು ಅಂಗಿ ಹಾಕ್ಕೊಂಡೋರು ಇದ್ದೇ ಇರ್ತಾರಲ್ಲಕ್ಕ,” ಅಂದ ಮೆಲ್ಲಗೆ.

ಅವಳ ಫೋನ್ ಹೊಡೆದುಕೊಂಡಿತು. “ಮೇಡಂ, ಕೆಂಪು ಅಂಗಿ ಸುದ್ದಿ ನಮ್ಮದೇ ಅಂತಲ್ಲ,” ಅಂದ ತುರ್ತು ಸಾರ್, ಸಂತೋಷದಿಂದ. “ನಿಮ್ಮ ವಿಡಿಯೊ ಊರೆಲ್ಲ ಓಡ್ತಾ ಇದೆ. ಯಾರಾದ್ರೂ ಮುದುಕನ್ನ ಹಿಡಿದು ಒಂದು ಶಾಟ್…” ಅವಳು ಫೋನ್ ಆರಿಸಿದಳು.

ಮುಂದಿನ ತಿರುವಿನಲ್ಲಿ ಟ್ಯಾಕ್ಸಿ ನಿಂತಿತು. ರಸ್ತೆಗೆ ಅಡ್ಡಲಾಗಿ ಜನ. ಚಾಲಕ ಕತ್ತು ಚಾಚಿ ನೋಡಿ, “ಸಿಕ್ಕ ಅಂತ ಕಾಣುತ್ತೆ,” ಅಂದ.

ಜನರ ಕಾಲುಗಳ ನಡುವೆ ಒಂದು ಬಟ್ಟೆ ಚೀಲ ಬಿದ್ದಿತ್ತು. ಈರುಳ್ಳಿ ಉರುಳಿಕೊಂಡು ಚರಂಡಿಯವರೆಗೆ ಹೋಗಿದ್ದವು. ಮುದುಕನ ಕೆಂಪು ಅಂಗಿಯ ತೋಳು ಹರಿದಿತ್ತು. ಎರಡು ಕೈ ಅವನ ಕೊರಳಪಟ್ಟಿ ಹಿಡಿದಿದ್ದವು. ಅವನು ಏನೋ ಹೇಳುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ.

ಹೋಗಿಬಿಡು ಎಂದು ಅವಳ ಒಳಗಿನ ಎಲ್ಲವೂ ಹೇಳಿತು. ಬೇಕಾದದ್ದು ಪಕ್ಕದಲ್ಲೇ ಕೂತಿದೆ, ಜೀವಂತ. ಮನೆಗೆ ಇನ್ನೆರಡು ಬೀದಿ. ಅವಳು ಬಾಗಿಲು ತೆರೆದಳು.

“ಅಕ್ಕ, ನಾನೂ ಬರ್ತೀನಿ.”

“ಇಳೀಬೇಡ. ಅಲ್ಲಾಡಬೇಡ.” ಚಾಲಕನಿಗೆ, “ನೀವು ಸಂದಿ ಸಿಕ್ಕ ತಕ್ಷಣ ಇವನನ್ನ ಕರ್ಕೊಂಡು ಹೊರಟುಬಿಡಿ, ನನಗೆ ಕಾಯ್ಬೇಡಿ,” ಅಂದಳು.

ಜನರ ಹತ್ತಿರ ಹೋಗುವಷ್ಟರಲ್ಲಿ ಯಾರೋ ಗುರುತು ಹಿಡಿದರು. “ಇವರೇ ಟೀವಿ ಮೇಡಂ. ಇವರೇ ಹೇಳಿದ್ದು.” ಗೌರವದಿಂದ ದಾರಿಯಾಯಿತು. ಮುದುಕನ ಕೊರಳಪಟ್ಟಿ ಹಿಡಿದವನು ಅವನ ಮುಖವನ್ನು ಅವಳತ್ತ ಎತ್ತಿದ. ತುಟಿ ಒಡೆದಿತ್ತು.

“ಇವನೇ ತಾನೆ ಮೇಡಂ?”

“ಅಲ್ಲ. ಇವರಲ್ಲ. ಬಿಡಿ ಇವರನ್ನ.”

“ನೀವು ಹೇಳಿದ ಹಾಗೇ ಇದೆಯಲ್ಲ. ಕೆಂಪು ಅಂಗಿ. ಬಟ್ಟೆ ಚೀಲ. ವಯಸ್ಸು.”

“ಹಾಗಂತ ಯಾರೂ ಇಲ್ಲ. ನಾನು ಸುಳ್ಳು ಹೇಳಿದೆ.”

ಗುಂಪು ಒಂದು ಕ್ಷಣ ಹಿಂದೆಮುಂದೆ ನೋಡಿತು. ಮುದುಕ ಅವಳನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಬೇಡಿಕೆಯೂ ಇರಲಿಲ್ಲ, ಏನೂ ಅರ್ಥವಾಗದ ಬೆರಗಷ್ಟೇ ಇತ್ತು.

“ಯಾಕೆ ಹೇಳಿದ್ರಿ ಸುಳ್ಳು?” ಹಿಂದಿನಿಂದ ಒಂದು ದನಿ ಕೇಳಿತು. ತಣ್ಣಗಿನ ದನಿ. “ಯಾರನ್ನ ಉಳಿಸೋಕೆ?”

 ಉತ್ತರಕ್ಕೆ ಯಾರೂ ಕಾಯಲಿಲ್ಲ. ಫೋನ್ ಹಿಡಿದ ಒಬ್ಬ ಆಗಲೇ ಪಕ್ಕದವನಿಗೆ ಪರದೆ ತೋರಿಸುತ್ತಿದ್ದ. ಲಿಫ್ಟಿದ್ದ ಕಟ್ಟಡದ ಮೆಟ್ಟಿಲು, ಅವಳ ಹಿಂದೆ ತಲೆ ತಗ್ಗಿಸಿ ನಡೆದು ಬರುತ್ತಿದ್ದ ಬೂದು ಅಂಗಿಯ ಹುಡುಗ. ಮುದುಕನ ಕೊರಳಪಟ್ಟಿಯಿಂದ ಕೈಗಳು ಸಡಿಲವಾದವು. ಒಬ್ಬೊಬ್ಬರ ಕಣ್ಣೂ ಅವಳ ಮುಖ ಬಿಟ್ಟು, ಅವಳ ಹೆಗಲ ಮೇಲಿಂದ, ಅವಳು ಇಳಿದುಬಂದ ಟ್ಯಾಕ್ಸಿಯ ಕಡೆ ಹೋಯಿತು.

ಹಿಂದೆ ಟ್ಯಾಕ್ಸಿಯ ಎಂಜಿನ್ ಸದ್ದು ಕೇಳುತ್ತಿತ್ತು. ಚಾಲಕ ಹಾರ್ನ್ ಮೇಲೆ ಹಾರ್ನ್ ಹಾಕುತ್ತಿದ್ದ. ದಾರಿ ಬಿಟ್ಟವರು ಯಾರೂ ಇರಲಿಲ್ಲ.