ಕುಂಬಳಕಾಯಿಗೆ ಮೊದಲ ಚಾಕು

ದೋಹಾದ ಅಕ್ಟೋಬರ್ ಸೆಕೆಯಲ್ಲೂ ದ್ಯಾಮಣ್ಣನವರು ಕಂಪನಿ ಕೊಟ್ಟ ನೀಲಿ ಕೋಟನ್ನು ಬಿಚ್ಚುವವರಲ್ಲ. ಈ ವರ್ಷವಂತೂ ಬಲಗೈಯನ್ನು ಅದರ ಜೇಬಿನಿಂದ ಹೊರಗೂ ತೆಗೆಯುತ್ತಿರಲಿಲ್ಲ. ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ಕಬ್ಬಿಣದ ತಗಡಿನ ಮೇಲೆ ಗುರುತು ಹಾಕಿದ ಈ ಬಾದಾಮಿಯ ಮನುಷ್ಯ, ಅಲ್ ಸದ್ದ್‌ನ ನಮ್ಮ ಕಟ್ಟಡದ ಮೆಟ್ಟಿಲು ಹತ್ತುವಾಗಲೂ ಪ್ರತಿ ಹೆಜ್ಜೆಗೆ ಅಳತೆ ಹಿಡಿದವರಂತೆ ನಡೆಯುತ್ತಾರೆ. ಎದೆಯ ಜೇಬಿನಲ್ಲಿ ಬಿಳಿಯ ಚಾಕ್‌ಪೀಸು, ಬಾಯಲ್ಲಿ ಒಂದೇ ಮಂತ್ರ: "ಅಳತಿ ಮೊದಲು, ಚಾಕು ಆಮ್ಯಾಲ." ಅದನ್ನು ಕೇಳಿ ಕೇಳಿ ಹೆಂಡತಿ ನೀಲಕ್ಕನಿಗೆ ಸಾಕಾಗಿದೆ.

ಮಗಳು ಗಾನವಿ ಐದನೆಯ ತರಗತಿಯಲ್ಲಿದ್ದಾಗ, ಕೆಳಮನೆಯ ಮಂಗಳೂರಿನ ಮೆಲನಿ ಅಕ್ಟೋಬರ್ ಕೊನೆಯ ದೆವ್ವದ ಹಬ್ಬಕ್ಕೆಂದು ಕುಂಬಳಕಾಯಿಯಲ್ಲಿ ದೆವ್ವದ ಮೋರೆ ಕೊರೆದು ಒಳಗೆ ದೀಪವಿಟ್ಟದ್ದನ್ನು ಕಂಡು, ತಮ್ಮ ಬಾಗಿಲಿಗೂ ಬೇಕೆಂದು ಹಟ ಹಿಡಿದಿದ್ದಳು. ದ್ಯಾಮಣ್ಣನವರು ದೆವ್ವವನ್ನು ಒಪ್ಪಲಿಲ್ಲ. "ದೀಪ ಇಡೋದು ಮಂದಿ ಒಳಗ ಬರ್ಲಿ ಅಂತ" ಎಂದು, ತಮ್ಮ ತಾಯಿಯ ಮುಖವನ್ನು ಮೂಗುಬೊಟ್ಟಿನ ಸಮೇತ ಕೊರೆದರು. ಅಂದಿನಿಂದ ಹನ್ನೊಂದು ವರ್ಷ ಪ್ರತಿ ಅಕ್ಟೋಬರಿನಲ್ಲೂ ಅದೇ ಮುಖ. ತೆಗೆದ ತಿರುಳು ನೀಲಕ್ಕ ಬೆಲ್ಲ ಬೆರೆಸಿ ಕರಿಯುವ ಗಾರಿಗೆಗೆ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಚಾಕು ಹಾಕಬಾರದೆಂಬುದು ನೀಲಕ್ಕನ ತವರಿನ ಕಟ್ಟಳೆಯಾದ್ದರಿಂದ, ಗಂಡ ಕೆಲಸದಿಂದ ಬರುವವರೆಗೆ ಕಾಯಿ ಅಡುಗೆಕಟ್ಟೆಯ ಮೇಲೆ ಕಾದು ಕೂತಿರುತ್ತಿತ್ತು. ಮೊದಲ ಕೊಯ್ತ ಆ ಮನೆಯಲ್ಲಿ ದ್ಯಾಮಣ್ಣನವರ ಅಧಿಕಾರ, ಅದರ ಜಂಭವೂ ಅವರಿಗೆ ಸಾಕಷ್ಟಿತ್ತು.

ಈ ವರ್ಷ ರಂಜಾನಿನ ಹೊತ್ತಿಗೆ ಬಲಗೈ ನಡುಗತೊಡಗಿತು. ಅವರು ಎಡಗೈಯಲ್ಲಿ ಚಹಾ ಕುಡಿಯುವುದನ್ನು ಕಂಡು "ಆ ಕೈಗೇನಾತ್ರಿ?" ಎಂದು ನೀಲಕ್ಕ ಸುಮ್ಮನೆ ಕೇಳಿದರೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ "ಏನೂ ನಡಗಾಕತ್ತಿಲ್ಲ" ಎಂದುಬಿಟ್ಟರು. ಒಳಗೊಳಗೆ ಅವರಿಗೆ ಹೆದರಿಕೆಯಾಗಿತ್ತು. ಗೆರೆ ಹಿಡಿಯದ ಕೈ ಹೆಂಡತಿ ಮಗಳ ಮುಂದೆ ಬಯಲಾದ ಮೇಲೆ ಆ ಮನೆಯಲ್ಲಿ ತಾವು ಯಾರು ಎಂಬುದು ಅವರಿಗೇ ತಿಳಿಯದಾಗಿತ್ತು.

ಶುಕ್ರವಾರ ಮಧ್ಯಾಹ್ನ ಎಡಗೈಯಲ್ಲೇ ಚಾಕ್‌ಪೀಸು ಹಿಡಿದು ಮುಖ ಬರೆದರು. ತಾಯಿಯ ಮೂಗು ಕೊಂಚ ವಾಲಿತು. ಇನ್ನು ಕೊಯ್ಯಲು ಎಡಗೈಯ ಬಲ ಸಾಲದು. ಬಲಗೈ ಹೊರತೆಗೆದು ಚಾಕು ಎತ್ತಿದರೆ, ಅದರ ಮೊನೆ ಗೆರೆಯ ಮೇಲೆ ನಿಲ್ಲದೆ ಸಿಪ್ಪೆಯ ಮೇಲೆ ಟಕಟಕ ಕುಣಿಯಿತು. ಕನ್ನಡ ಅರ್ಧಂಬರ್ಧ ಬರುವ ಗಾನವಿ ಹಿಂದಿನಿಂದ ಬಂದು ಅವರ ಕೈಯ ಮೇಲೆ ತನ್ನ ಕೈಯಿಟ್ಟಳು.

"ಅಪ್ಪಾ, ಲೈನ್ ನಿಮ್ದು. ಪ್ರೆಶರ್ ನಾ ಕೊಡ್ತೀನಿ."

ಚಾಕು ತೊಟ್ಟಿನ ಪಕ್ಕ ಒಂದಂಗುಲ ಇಳಿಯಿತು. ಅಷ್ಟಕ್ಕೆ ಕಟ್ಟಳೆಯೂ ಉಳಿದಿತ್ತು, ಮಾನವೂ ಉಳಿದಿತ್ತು. ಆದರೆ ದ್ಯಾಮಣ್ಣನವರು ಗೆರೆಯನ್ನೊಮ್ಮೆ ನೋಡಿ, ಮಗಳ ಕೈಯ ಅಡಿಯಿಂದ ತಮ್ಮ ಕೈಯನ್ನು ಮೆಲ್ಲನೆ ಎಳೆದುಕೊಂಡರು.

"ಅಳತಿ ಸರಿ ಐತಿ. ನೀನ ಕೊಯ್ಯಿ."

ನೀಲಕ್ಕ ಚಾಕುವನ್ನು ನೋಡಿದರು, ಮಗಳನ್ನು ನೋಡಿದರು. "ಖಲಾಸ್, ಮುಗೀತು ಆ ಕಟ್ಟಳಿ" ಎಂದರು. "ತಿರುಳು ಈ ತಾಟಿನ್ಯಾಗ ಹಾಕವ್ವ. ಬೆಲ್ಲ ಕರಗಾಕ ಇಟ್ಟೀನಿ."

ಸಂಜೆ ವಾಲಿದ ಮೂಗಿನ ಅಜ್ಜಿ ಬಾಗಿಲಲ್ಲಿ ಬೆಳಗಿದಳು. ಕೋಟು ಗೋಡೆಯ ಮೊಳೆಗೆ ತೂಗುಬಿದ್ದಿತ್ತು. ದ್ಯಾಮಣ್ಣನವರು ಬಲಗೈಯಲ್ಲೇ ಗಾರಿಗೆ ಹಿಡಿದು, ಚೂರು ಉದುರಿದರೆ ಉದುರಲಿ ಎಂದು ತಿನ್ನುತ್ತಿದ್ದರು. ಜೀವಮಾನವೆಲ್ಲ ಗೆರೆ ತಪ್ಪದೆ ಬಾಳಿದವರು ಪ್ರೀತಿಯನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ತಮ್ಮ ಕೈ ನಡುಗುವುದನ್ನು ಮನೆಯವರು ನೋಡಲೆಂದು ಬಿಟ್ಟ ದಿನ, ಅವರು ಎಲ್ಲವನ್ನೂ ಹೇಳಿ ಮುಗಿಸಿರುತ್ತಾರೆ.