ಹನ್ನೊಂದು ದಿನದ ವರ್ಷ

ನಮ್ಮ ಯಜಮಾನರು ಗಡಿಯಾರ ರಿಪೇರಿಯವರು. ಒಂದು ಕಣ್ಣು ಮೊದಲೇ ಮಂಜು. ಇನ್ನೊಂದರ ಒಳಪರದೆ ಕಿತ್ತುಬಂದಾಗ ಡಾಕ್ಟರಮ್ಮ ಆಪರೇಷನ್ ಮಾಡಿ, ಒಳಗೊಂದು ಗಾಳಿಗುಳ್ಳೆ ಬಿಟ್ಟರು. "ಹನ್ನೊಂದು ದಿನ ಬೋರಲೇ ಮಲಗಬೇಕು. ಗುಳ್ಳೆ ಪರದೆಯನ್ನು ಒತ್ತಿ ಹಿಡಿಯುತ್ತೆ. ಮುಖ ಮೇಲೆತ್ತಿದರೆ ದೃಷ್ಟಿ ಉಳಿಯೋದು ಕಷ್ಟ" ಎಂದರು.

ಇವರೋ ಕೂತಲ್ಲಿ ಕೂರದ ಮನುಷ್ಯ. ಮೂರನೆಯ ಬೆಳಿಗ್ಗೆಯೇ ಮೊಣಕೈ ಊರಿ ಏಳಲು ಹೊರಟರು.

"ಕಣ್ಣು ಹೋದ್ರೆ ಹೋಗ್ಲಿ ಕಣೇ. ಕತ್ತು ಉಳಿದ್ರೆ ಸಾಕು."

ಬೈದರೆ ಇನ್ನೂ ಬೇಗ ಏಳುವ ಜಾತಿ ಇವರದು. ಮಂಚದ ತುದಿಯಲ್ಲಿ ಇಳಿಬಿದ್ದಿದ್ದ ಅವರ ಮುಖದ ಕೆಳಗೇ ಚಾಪೆ ಹಾಸಿ ಅಂಗಾತ ಮಲಗಿದೆ. ಡಾಕ್ಟರಮ್ಮ ಹನ್ನೊಂದು ದಿನ ಅಂದದ್ದಕ್ಕೆ ನಾನು ಹೋಗುತ್ತಿದ್ದ ರಾತ್ರಿ ಶಾಲೆಯ ಪಾಠವೊಂದು ನೆನಪಾಯಿತು. ಈ ಮುದುಕಿಗಾಗಿ ಬೇಸರವಿಲ್ಲದೆ ಎರಡೆರಡು ಸಲ ಹೇಳುತ್ತಿದ್ದರು ನಮ್ಮ ಮೇಷ್ಟ್ರು. ಅವರ ಹೊಟ್ಟೆ ತಣ್ಣಗಿರಲಿ.

"ರೀ, ಪ್ರಾಕ್ಸಿಮಾ ಬಿ ಅಂತ ಒಂದು ಗ್ರಹ ಇದೆಯಂತೆ, ಬೇರೆ ನಕ್ಷತ್ರದ್ದು. ಅಲ್ಲಿ ಒಂದು ವರ್ಷ ಅಂದ್ರೆ ನಮ್ಮ ಹನ್ನೊಂದೇ ದಿನ. ನೀವು ಅಲ್ಲಿನ ಒಂದು ವರ್ಷ ಮಲಗಿದ್ರೆ ಆಯ್ತು."

"ಒಂದು ವರ್ಷ ಅಂದ್ರೆ ಯಾರಿಗಾದ್ರೂ ಸಮಾಧಾನ ಆಗುತ್ತೇನೆ?" ಎಂದರು. ಆದರೆ ಮೊಣಕೈ ಸಡಿಲವಾಯಿತು.

ಆ ಗ್ರಹದ ಒಂದೇ ಮಗ್ಗುಲು ಸದಾ ಬೆಳಕಿಗಿರಬಹುದು ಎಂದಿದ್ದರು ಮೇಷ್ಟ್ರು. ಉಳಿದದ್ದನ್ನು ನಾನೇ ಕಟ್ಟಿ ಹೇಳಿದೆ. ಬೆಳಕು ಕತ್ತಲಿನ ನಡುವೆ ಸಂಜೆಗೆಂಪಿನ ಪಟ್ಟಿ, ಅಲ್ಲೇ ಮನೆಗಳು. ಬಟ್ಟೆ ಒಣಗಿಸಲು ಬೆಳಕಿನ ಕಡೆ ನಡೆಯುತ್ತಾರೆ, ನಿದ್ದೆ ಬಂದರೆ ಕತ್ತಲ ಕಡೆ. ಗಂಡಹೆಂಡತಿ ಜಗಳವಾಡಿದರೆ ಒಬ್ಬರು ಆಚೆ, ಒಬ್ಬರು ಈಚೆ.

"ಸೂರ್ಯ ಅಲ್ಲಾಡೋದೇ ಇಲ್ಲ ಅಂದ್ರೆ ಊಟದ ಹೊತ್ತು ಹೇಗೆ ಗೊತ್ತಾಗುತ್ತೆ?"

"ಹಸಿವಾದಾಗ."

"ಹಸಿವು ಎಲ್ಲರಿಗೂ ಒಟ್ಟಿಗೇ ಆಗುತ್ತೇನೆ, ಪೆದ್ದಿ! ಇಲ್ಲಿ ಸೂರ್ಯ ಪುಕ್ಕಟೆ ಹೊತ್ತು ಹೇಳ್ತಾನೆ. ಗಡಿಯಾರ ನಿಜವಾಗಿ ಬೇಕಾದದ್ದು ಅಲ್ಲಿಗೆ."

ಅಲ್ಲಿಂದ ಶುರುವಾಯಿತು ನೋಡಿ. ಬೋರಲು ಮಲಗಿಯೇ ಆ ಲೋಕಕ್ಕೊಂದು ಗಡಿಯಾರ ಕಟ್ಟತೊಡಗಿದರು. ಹನ್ನೊಂದು ದಿನಕ್ಕೆ ಒಂದು ಸುತ್ತು ಬರುವ ದೊಡ್ಡ ಚಕ್ರ, ಅದಕ್ಕೆಷ್ಟು ಹಲ್ಲು, ಬಟ್ಟೆ ಒಣಗಿಸುವವರಿಗೆ ಯಾವ ದನಿಯ ಗಂಟೆ, ಮಲಗಿದವರಿಗೆ ಯಾವುದು. ನಾನು ಚಾಪೆಯ ಮೇಲಿಂದಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. "ಅಳಿಸು, ಅಳಿಸು! ಆ ಹಲ್ಲು ಕಚ್ಚಲ್ಲ" ಎಂದು ಬೈಸಿಕೊಂಡೆ. ಒಂಬತ್ತನೆಯ ದಿನ ಊಟಕ್ಕೆ ಕರೆದರೆ, "ತಡಿಯೇ, ಸ್ಪ್ರಿಂಗ್ ಕೂರಿಸ್ತಿದ್ದೀನಿ" ಎಂದರು.

ಹನ್ನೆರಡನೆಯ ದಿನ ಡಾಕ್ಟರಮ್ಮ ದೀಪ ಹಿಡಿದು ನೋಡಿ, "ಪರದೆ ಕೂತಿದೆ" ಎಂದರು. ನಾನು ಡಾಕ್ಟರಮ್ಮನ ಕೈ ಹಿಡಿದುಕೊಂಡು ನಿಂತುಬಿಟ್ಟೆ.

ಗುಳ್ಳೆ ಕರಗಿ ನೋಟ ತಿಳಿಯಾಗಲು ಇನ್ನೂ ಕೆಲವು ವಾರ ಹಿಡಿಯಿತು. ಒಂದು ಬೆಳಿಗ್ಗೆ ಕಿಟಕಿಯ ಹತ್ತಿರ ನನ್ನ ಮುಖವನ್ನೇ ದಿಟ್ಟಿಸಿದರು.

"ನಿನ್ನ ಎಡಹುಬ್ಬಿನಲ್ಲಿ ಒಂದು ಬಿಳಿ ಕೂದಲಿದೆ ಕಣೇ."

ಕನ್ನಡಿಗೆ ಮುಖ ಅಂಟಿಸಿ ಹುಡುಕಿದೆ. ಇತ್ತು, ಒಂದೇ ಒಂದು. ಅವರು ಕೀಳಲು ಚಿಮಟ ತಂದರು.

"ಮುಟ್ಟಬೇಡಿ," ಎಂದೆ. "ದಿನಾ ಬೆಳಿಗ್ಗೆ ನೋಡಿ, ಇದೆಯಾ ಹೇಳಿ."