ಜಗಳಕ್ಕೊಬ್ಬಳು ಜೊತೆ

ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನನ್ನ ಮಗಳು ಭುವನಾ ಮದುವೆಯಾದದ್ದು ಯೆಹೂದಿ ಹುಡುಗನನ್ನು. ಕೊರಟಗೆರೆಯ ನಮ್ಮ ನೆಂಟರು ಆ ಸುದ್ದಿಯನ್ನು ಇನ್ನೂ ಅರಗಿಸಿಕೊಳ್ಳುತ್ತಿರುವಾಗಲೇ ನಾನು ಅಳಿಯನ ಜೊತೆ ಅವರ ಸಮುದಾಯದ ಕಲಿಕಾ ಸಮ್ಮೇಳನಕ್ಕೆ ಹೋಗಿ ಕೂತಿದ್ದೆ. ಹೊರಗೆ ಮೂಳೆ ಕೊರೆಯುವ ಚಳಿ, ಒಳಗೆ ಉಪ್ಪುಖಾರವಿಲ್ಲದ ಊಟ. ಯಾಕಾದರೂ ಬಂದೆನೋ ಎಂದು ಗೊಣಗಿಕೊಂಡೆ.

ಆದರೆ ಅವರು ಕಲಿಯುವ ರೀತಿ ನೋಡಿ ದಂಗಾದೆ. ಭಾಷಣ ಕೇಳಿ ಕೋಲೆಬಸವನ ಹಾಗೆ ತಲೆಯಾಡಿಸುವುದಲ್ಲ. ಇಬ್ಬಿಬ್ಬರು ಎದುರುಬದುರು ಕೂತು, ಅವರ ಧರ್ಮಗ್ರಂಥದ ಒಂದೊಂದು ಸಾಲನ್ನೂ ಓದಿ, ಅದರ ಮೇಲೆ ಜಗಳವಾಡಬೇಕು. ನನಗೆ ಜೊತೆಯಾದವಳು ಮಿರಿಯಂ ಎಂಬ ಮುದುಕಿ. ಅಂದಿನ ಪ್ರಶ್ನೆ, ದಾರಿಯಲ್ಲಿ ಸಿಕ್ಕ ವಸ್ತು ಯಾರದ್ದು ಎಂಬುದು. ಕಳೆದುಕೊಂಡವನು ಆಸೆ ಬಿಟ್ಟಿದ್ದರೆ ಅದು ಸಿಕ್ಕವನದ್ದು ಎಂದಳು ಮಿರಿಯಂ. ಅವನು ಆಸೆ ಬಿಟ್ಟದ್ದು ಸಿಕ್ಕವನಿಗೆ ಹೇಗೆ ಗೊತ್ತಾಗಬೇಕು ಎಂದೆ ನನ್ನ ಹರಕು ಇಂಗ್ಲಿಷಿನಲ್ಲಿ. ಆಕೆ ಮೇಜು ಗುದ್ದಿ, "ಇಲ್ಲ, ನೀನು ಹೇಳುವುದು ತಪ್ಪು!" ಎಂದಳು. ನನ್ನ ಕಣ್ಣು ತುಂಬಿ ಬಂತು. ಪಾಪ, ತನ್ನ ಮಾತಿಗೆ ನೊಂದೆನೆಂದು ಅವಳು ಗಾಬರಿಯಾದಳು. ನನಗೆ ಜಗದಾಂಬ ನೆನಪಾಗಿದ್ದಳು.

ನಾನು ಕನ್ನಡ ಕಲಿಸುತ್ತಿದ್ದ ಹೈಸ್ಕೂಲಿನಲ್ಲಿ ಅವಳು ಗಣಿತದ ಟೀಚರ್. ಊಟದ ಡಬ್ಬಿ ಬಿಚ್ಚಿಕೊಂಡು ನಾನೊಂದು ವಚನಕ್ಕೆ ಅರ್ಥ ಹೇಳಿದರೆ ಸಾಕು, "ಲೇ ರಾಜಿ, ಅಂಗಲ್ಲ ಕಣೇ!" ಎಂದು ಅಡ್ಡ ಬಾಯಿ ಹಾಕುತ್ತಿದ್ದಳು. ಗಂಟೆ ಹೊಡೆದರೂ ನಮ್ಮ ಜಗಳ ಮುಗಿಯುತ್ತಿರಲಿಲ್ಲ. ಈಗ ಅವಳಿಗೆ ಮರೆವಿನ ಕಾಯಿಲೆ. ಅವಳ ಸೊಸೆ ಲೋಹಿತಾಗೆ ಅಲ್ಲಿಂದಲೇ ಫೋನ್ ಮಾಡಿದೆ.

"ಒಂದೊಂದಿನ ಎಲ್ಲಾರ್ನೂ ಗುರ್ತಿಡೀತಾರೆ ಆಂಟಿ. ಒಂದೊಂದಿನ ನನ್ನೇ ಯಾರು ಅಂತಾರೆ," ಎಂದಳು.

ಇನ್ನೊಂದೇ ಒಂದು ಜಗಳ ಸಿಕ್ಕಿಬಿಟ್ಟರೆ ಸಾಕಪ್ಪ ಎಂದು ಹಂಬಲಿಸಿದೆ.

ಊರಿಗೆ ಬಂದವಳೇ ಹೊಳವನಹಳ್ಳಿಯ ಬಸ್ಸು ಹತ್ತಿದೆ. ಜಗದಾಂಬ ಜಗಲಿಯ ಮೇಲೆ ಕಡ್ಲೆಕಾಯಿ ಸುಲಿಯುತ್ತಿದ್ದಳು. ಅವಳೆದುರು ನೆಲದ ಮೇಲೆ ಕೂತು, ಆ ಪ್ರಶ್ನೆಯನ್ನು ಬಿಡಿಸಿ ಹೇಳಿ, ಬೇಕೆಂದೇ ವಕ್ರ ಉತ್ತರ ಕೊಟ್ಟೆ.

"ಸಿಕ್ಕಿದ್ದೆಲ್ಲಾ ಸಿಕ್ಕಿದೋರ್ದೇ ಕಣೇ ಜಗ್ಗಿ. ಕಳ್ಕೊಂಡೋರು ಹಾಳಾಗೋಗ್ಲಿ!"

ಹಳೆಯ ಜಗದಾಂಬ ಆಗಿದ್ದರೆ ಇಷ್ಟಕ್ಕೇ ನನ್ನ ಮೈಮೇಲೆ ಬರುತ್ತಿದ್ದಳು. ಅವಳ ಕೈ ನಿಂತಿತು. ತಲೆಯೆತ್ತಿ ನನ್ನನ್ನೇ ನೋಡಿದಳು. ಬೈ, ಬೈಯೇ ಎಂದು ನಾನು ಮನಸ್ಸಿನಲ್ಲೇ ಅಂಗಲಾಚಿದೆ.

ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ನೀವ್ ಹೇಳಿದ್ಮೇಲೆ ಸರಿಯಾಗೇ ಇರ್ತದೆ ಬುಡಿ ಅಮ್ಮಾವ್ರೇ," ಎಂದು ಕೈ ಮುಗಿದಳು. ಆಮೇಲೆ ಒಳಗೆ ತಿರುಗಿ, "ಯಾರವ್ವಾ ಅದು, ಇವ್ರಿಗೊಂದು ಕುರ್ಚಿ ಹಾಕು," ಎಂದಳು.